ಮುಚ್ಚಿಗೆಯಲ್ಲೊಂದು ತೂತು: ಕಾಸರಗೋಡಿನ ಮನೆಗಳಲ್ಲಿ ಹೊಗೆಯ ದಾರಿಯೂ ಬೆಂಕಿಯ ಭಯವೂ

(ಆನ್‌ಲೈನ್ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಮಂಡನೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಚರ್ಚೆಯ ಮುಖ್ಯ ಭಾಗ ಕೊನೆಯಲ್ಲಿದೆ.)

ನನ್ನ ವಿಷಯದ ಹೆಸರು ಕೇಳಿ ಇದು ಇತಿಹಾಸವಾ, ಸಿವಿಲ್ ಇಂಜಿನಿಯರಿಂಗಾ ಅಂತ ಕೆಲವರಿಗೆ ಅನಿಸಬಹುದು. ಇತಿಹಾಸವೇ. ಆದರೆ ಇದರ ಆಕರ ಕಡತಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಮ್ಮ ತಲೆಯ ಮೇಲೆ ಉಂಟು, ಅಂದರೆ ನಾವು ಮಲಗುವ ಕೋಣೆಯ ಮುಚ್ಚಿಗೆಯಲ್ಲಿ.

ಇವತ್ತು ಕಾಸರಗೋಡು, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ, ಎಲ್ಲಿ ಹೋದರೂ ಹಳೆಯ ಹಂಚಿನ ಮನೆಗಳು ದುರಸ್ತಿಯಾಗುತ್ತಿವೆ. ಅಡಿಗೆಮನೆಗೆ ವಿದ್ಯುತ್ ಚಿಮಣಿ ಬರುತ್ತದೆ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಬರುತ್ತದೆ. ಆರು ಇಂಚಿನ ಒಂದು ಪೈಪು ಮುಚ್ಚಿಗೆಯನ್ನು ಅಥವಾ ಹೊಸ ಫಾಲ್ಸ್ ಸೀಲಿಂಗನ್ನು ತೂತು ಮಾಡಿಕೊಂಡು ಮೇಲೆ ಹೋಗುತ್ತದೆ. ಆ ತೂತಿನ ಸುತ್ತ ಎಂತ ತುಂಬಿಸುತ್ತಾರೆ, ಯಾಕೆ ತುಂಬಿಸುತ್ತಾರೆ ಎಂಬುದು ನನ್ನ ಪ್ರಶ್ನೆ. ನಾನು ಹೇಳಹೊರಟದ್ದು ಇಷ್ಟು: ಹುಲ್ಲಿನ ಮಾಡು ಇದ್ದ ಕಾಲದಲ್ಲಿ ನಮ್ಮ ಮನೆಗಳು ಬೆಂಕಿಗೆ ಹೆದರಿ ಕಟ್ಟಿದವು. ಹಂಚು ಬಂದ ಮೇಲೆ ಆ ಭಯ ಹೋಯಿತು, ಮಳೆ ಸೋರುವ ಭಯ ಮಾತ್ರ ಉಳಿಯಿತು. ಹಾಗಾಗಿ ಇವತ್ತು ಪೈಪು ಹೋಗುವ ತೂತನ್ನು ನಾವು ನೀರಿಗೆ ಮುಚ್ಚುತ್ತೇವೆ, ಬೆಂಕಿಗೆ ಮುಚ್ಚುವುದಿಲ್ಲ.

1. ಹುಲ್ಲಿನ ಮಾಡು, ಮಣ್ಣಿನ ಮುಚ್ಚಿಗೆ

ಮೊದಲು ಹಳೆಯ ಮನೆಯ ರಚನೆ ನೋಡುವ. ಗೋಡೆ ಮಣ್ಣಿನದ್ದು, ಅನುಕೂಲಸ್ಥರದ್ದಾದರೆ ಮುರಕಲ್ಲಿನದ್ದು. ಎರಡೂ ಸುಡುವ ವಸ್ತುಗಳಲ್ಲ. ಮೇಲೆ ಮಾತ್ರ ಮುಳಿಹುಲ್ಲು, ಬೈಹುಲ್ಲು ಅಥವಾ ಹೆಣೆದ ತೆಂಗಿನ ಮಡಲು. ಮಳೆಗಾಲಕ್ಕೆ ಮುಂಚೆ ಮಾಡು ಹೊದೆಸುವುದು ವರ್ಷವರ್ಷದ ಕೆಲಸ. ಆ ಕೆಲಸದ ಹೊತ್ತು ಯಾವುದು? ಫಾಲ್ಗುಣ, ಚೈತ್ರ, ಗಾಳಿಯೂ ಒಣಗಿರುವ, ಗುಡ್ಡದ ಹುಲ್ಲೂ ಒಣಗಿರುವ ಕಾಲ. ಒಂದು ಕಿಡಿ ಸಾಕು.

ಇಂಥ ಮನೆಯಲ್ಲಿ ಮುಚ್ಚಿಗೆ ಅಂದರೆ ಏನು ಎಂಬುದು ಅದರ ಕಟ್ಟುವಿಕೆಯಲ್ಲೇ ಗೊತ್ತಾಗುತ್ತದೆ. ತೊಲೆಗಳ ಮೇಲೆ ಹಲಗೆ, ಹಲಗೆಗೆ ಗತಿಯಿಲ್ಲದಲ್ಲಿ ಬಿದಿರು ಅಥವಾ ಅಡಿಕೆ ಮರದ ಸಲಾಕೆ. ಅದರ ಮೇಲೆ ಮಣ್ಣು ಹಾಕಿ, ತಟ್ಟಿ, ಸೆಗಣಿ ಸಾರಿಸಿದ ಪದರ. ಈ ಮಣ್ಣು ಇರುವುದು ಮೇಲಿನ ಬದಿಯಲ್ಲಿ ಎಂಬುದನ್ನು ಗಮನಿಸಬೇಕು. ಕೆಳಗಿನಿಂದ ನೋಡುವವನಿಗೆ ಹಲಗೆ ಕಾಣುತ್ತದೆ, ಚಂದವೆಲ್ಲ ಆ ಬದಿಗೆ. ಮಣ್ಣಿನ ಕೆಲಸ ಕಾಣದ ಬದಿಯಲ್ಲಿ. ಸೆಕೆ ತಡೆಯಲಿಕ್ಕೆ, ಇಲಿಗೆ, ಮಾಡಿನ ಕಸ ಬೀಳದ ಹಾಗೆ ಎಂಬ ಕಾರಣಗಳೂ ಇವೆ, ಒಪ್ಪುವ. ಆದರೆ ಅಷ್ಟು ಭಾರವನ್ನು ತೊಲೆಗಳ ಮೇಲೆ ಹೊರಿಸಲಿಕ್ಕೆ ದೊಡ್ಡ ಕಾರಣ ಬೇಕು. ಮಾಡಿಗೆ ಬೆಂಕಿ ಹಿಡಿದರೆ ಉರಿಯುವ ಹುಲ್ಲು ಕುಸಿದು ಮಣ್ಣಿನ ಮೇಲೆ ಬೀಳುತ್ತದೆ, ಒಳಗಿನ ಕೋಣೆಗೆ ಬೀಳುವುದಿಲ್ಲ. ಭತ್ತದ ಪತ್ತಾಯ, ದಸ್ತಾವೇಜು, ಚಿನ್ನ ಇರುವ ಕೋಣೆ ಉಳಿಯುತ್ತದೆ. ನಮ್ಮ ಕಡೆ ಹಿರಿಯರು ಮುಚ್ಚಿಗೆಗೆ ಹೇಳುವ ಕಾರಣವೂ ಇದೇ: ಮಾಡು ಹೋದರೆ ಹೋಗಲಿ, ಮನೆ ಉಳಿಯಬೇಕು. ಮಲಯಾಳದಲ್ಲಿ ಹಲಗೆ ಹೊದೆಸಿದ ಒಳಕೋಣೆಗೂ ಅದರ ಮುಚ್ಚಿಗೆಗೂ ‘ಮಚ್ಚ್’ ಎಂಬ ಒಂದೇ ಹೆಸರು ಇರುವುದನ್ನು ಇಲ್ಲಿ ನೆನೆಯಬಹುದು. ಕಾಪಾಡುವ ಕೋಣೆ, ಕಾಪಾಡುವ ಮುಚ್ಚಿಗೆ ಬೇರೆಬೇರೆ ಅಲ್ಲ.

ಇವತ್ತಿನ ಲೆಕ್ಕದಲ್ಲೂ ಈ ರಚನೆ ಸುಮ್ಮನೆ ನಂಬಿಕೆ ಅಲ್ಲ. ದಪ್ಪದ ಗಟ್ಟಿ ಮರ ಬೆಂಕಿಯಲ್ಲಿ ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಕರಿಯಾಗುತ್ತದೆ. ಅರ್ಧ ಗಂಟೆಗೆ ಸುಮಾರು ಎರಡು ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಹುಲ್ಲಿನ ಮಾಡು ಅಷ್ಟು ಹೊತ್ತು ಉರಿಯುವುದೂ ಇಲ್ಲ. ಮಣ್ಣಿನ ಪದರ ಮೇಲೆ, ದಪ್ಪ ತೊಲೆ ಕೆಳಗೆ ಇದ್ದರೆ ಬೆಂಕಿ ಇಳಿಯುವ ಮೊದಲೇ ಹುಲ್ಲು ಮುಗಿದಿರುತ್ತದೆ.

ಹಾಗಾದರೆ ಹೊಗೆ ಎಲ್ಲಿಂದ ಹೋಗುತ್ತಿತ್ತು? ಇಲ್ಲಿ ಮುಖ್ಯವಾದ ಒಂದು ವಿಂಗಡಣೆ ಉಂಟು. ಮಲಗುವ, ಸಾಮಾನು ಇಡುವ ಕೋಣೆಗೆ ಮುಚ್ಚಿಗೆ. ಅಡಿಗೆಮನೆಗೆ ಸಾಮಾನ್ಯವಾಗಿ ಮುಚ್ಚಿಗೆ ಇಲ್ಲ, ಇದ್ದರೆ ಒಲೆಯ ಮೇಲೆ ಸಂದು ಬಿಟ್ಟ ಅಟ್ಟ. ಹೊಗೆ ಆ ಸಂದಿನಲ್ಲಿ ಏರಿ ಹುಲ್ಲಿನೊಳಗಿಂದ ಹೊರಗೆ ಹೋಗಬೇಕು. ಹೋಗುವಾಗ ಕೆಲಸವನ್ನೂ ಮಾಡುತ್ತದೆ: ಮಾಡಿನ ಹುಳ ಹೋಗುತ್ತದೆ, ಮಳೆಗಾಲದ ಸೌದೆ ಒಣಗುತ್ತದೆ, ಕೊಪ್ಪರ, ಬಿತ್ತನೆಯ ಬೀಜ, ಬಿದಿರಿನ ಕುಕ್ಕೆ ತಡ್ಪೆಗಳು ಹಾಳಾಗದೆ ಉಳಿಯುತ್ತವೆ. ಅಂದರೆ ಒಂದೇ ಮನೆಯಲ್ಲಿ ಎರಡು ತತ್ವ: ಮುಚ್ಚುವ ಮುಚ್ಚಿಗೆ, ಬಿಡುವ ಅಟ್ಟ. ಎರಡನ್ನೂ ಬೆರೆಸುತ್ತಿರಲಿಲ್ಲ. ಮುಚ್ಚಿಗೆಯಲ್ಲಿ ಇರುತ್ತಿದ್ದ ತೂತು ಏಣಿ ಹತ್ತಲಿಕ್ಕೆ, ಅದಕ್ಕೆ ಹಲಗೆಯ ಬಾಗಿಲು. ಹೊಗೆಗಾಗಿ ಮುಚ್ಚಿಗೆಯನ್ನು ತೂತು ಮಾಡುವ ಕ್ರಮ ಈ ಮನೆಯ ವ್ಯಾಕರಣದಲ್ಲೇ ಇರಲಿಲ್ಲ.

ಈ ಮನೆಯನ್ನು ತುಂಬ ಹೊಗಳಬಾರದು, ಅದನ್ನೂ ಹೇಳಬೇಕು. ಮುಚ್ಚಿಗೆ ಉಳ್ಳವರ ಮನೆಯ ವಿಷಯ. ಒಕ್ಕಲಿನ, ಕೂಲಿಯ ಜನರ ಗುಡಿಸಲಿನಲ್ಲಿ ಹುಲ್ಲಿನ ಮಾಡಿಗೂ ನೆಲಕ್ಕೂ ನಡುವೆ ಏನೂ ಇರಲಿಲ್ಲ. ಮಾಡು ಸುಟ್ಟರೆ ಎಲ್ಲವೂ ಸುಟ್ಟ ಹಾಗೆಯೇ. ಇನ್ನು ಅಡಿಗೆಮನೆಯ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶವನ್ನು ದಾಟಿಯೇ ಮಾಡಿಗೆ ಹೋಗುತ್ತಿತ್ತು. ಬೆಂಕಿಯಿಂದ ರಕ್ಷಣೆ ಯಾರಿಗೆ, ಹೊಗೆಯ ಕಷ್ಟ ಯಾರಿಗೆ ಎಂಬುದೂ ಮನೆಯ ಇತಿಹಾಸವೇ.

2. ಹಂಚು ತಂದ ನೆಮ್ಮದಿ

ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನೇತ್ರಾವತಿಯ ಆವೆಮಣ್ಣು, ಯಂತ್ರದ ಅಚ್ಚು, ದೋಣಿಯ ಸಾಗಾಟ, ಇವಿಷ್ಟು ಸೇರಿ ಮಂಗಳೂರು ಹಂಚು ಎಂಬ ಹೆಸರು ಕಡಲಾಚೆಗೂ ಹೋಯಿತು. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಹೊಳೆ, ಕಡಲು, 1907ರಲ್ಲಿ ಮಂಗಳೂರಿಗೆ ಮುಟ್ಟಿದ ರೈಲು, ಈ ದಾರಿಗಳಲ್ಲಿ ಹಂಚು ನಮ್ಮ ಊರುಗಳಿಗೂ ಬಂತು. 

ಹಂಚಿನ ಇತಿಹಾಸವನ್ನು ನಾವು ಓದುವುದು ಸಾಮಾನ್ಯವಾಗಿ ಉದ್ಯಮದ, ಮಿಶನ್ನಿನ, ಕಾರ್ಮಿಕರ ಇತಿಹಾಸವಾಗಿ. ಮರ್ಯಾದೆಯ ಇತಿಹಾಸವೂ ಹೌದು. ಹಿಂದೆ ಮಲಬಾರಿನಲ್ಲಿ ಮಾಡಿಗೆ ಹಂಚು ಹೊದೆಸುವುದು ದೇವಸ್ಥಾನ, ಅರಮನೆಗಳಿಗೆ ಸಲ್ಲುವ ಗೌರವ. ಕಾರ್ಖಾನೆಯ ಹಂಚು ಆ ಕಟ್ಟನ್ನು ದುಡ್ಡಿನ ಲೆಕ್ಕಕ್ಕೆ ಇಳಿಸಿತು. ಆದರೆ ಬೆಂಕಿಯ ಇತಿಹಾಸದಲ್ಲಿ ಹಂಚು ಏನು ಮಾಡಿತು?

ಎರಡು ಕೆಲಸ ಮಾಡಿತು. ಒಂದು, ಮೇಲಿನಿಂದ ಬರುವ ಬೆಂಕಿಯನ್ನು ನಿಲ್ಲಿಸಿತು. ಸುಟ್ಟ ಮಣ್ಣು ಮತ್ತೆ ಸುಡುವುದಿಲ್ಲ. ಪಕ್ಕದ ಮನೆಯ ಕಿಡಿ, ಗುಡ್ಡದ ಬೆಂಕಿಯ ಕಿಡಿ ಬಿದ್ದರೂ ಹಂಚಿನ ಮೇಲೆ ಆರಿ ಹೋಗುತ್ತದೆ. ಎರಡು, ಹೊಗೆಯ ದಾರಿಯನ್ನು ಹಾಗೆಯೇ ಉಳಿಸಿಕೊಟ್ಟಿತು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಅಂದರೆ ಅಷ್ಟೇ ಸಂದುಗಳು. ಸಾಲದಿದ್ದರೆ ಗಾಳಿಗೆಂದೇ ಮಾಡಿದ ಹಂಚುಗಳೂ ಕಾರ್ಖಾನೆಗಳಿಂದ ಬರುತ್ತಿದ್ದವು. ಮಾಡು ತಾನೇ ಒಂದು ದೊಡ್ಡ ಹೊಗೆಗಂಡಿ. ಪೈಪು ಬೇಕಾಗಲೇ ಇಲ್ಲ.

ಇದರ ಪರಿಣಾಮ ಮುಚ್ಚಿಗೆಯ ಮೇಲೆ ಆಯಿತು. ಮೇಲಿನ ಬೆಂಕಿಯ ಭಯ ಹೋದ ಮೇಲೆ ಮಣ್ಣಿನ ಭಾರ ಯಾಕೆ? ಮುಚ್ಚಿಗೆ ಬರೀ ಹಲಗೆಯಾಯಿತು, ಹಲಗೆ ತೆಳ್ಳಗಾಯಿತು, ಕೆಲವು ಕಡೆ ಮುಚ್ಚಿಗೆಯೇ ಇಲ್ಲದೆ ಪಕ್ಕಾಸು, ರೀಪು ನೇರವಾಗಿ ಕಾಣುವ ಮನೆಗಳು ಬಂದವು. ಬೆಂಕಿ ತಡೆಯುವ ವಸ್ತುವಾಗಿದ್ದ ಮುಚ್ಚಿಗೆ ಅಂದದ ವಸ್ತುವಾಯಿತು. ಉಳಿದ ಭಯ ಒಂದೇ, ಸೋರುವುದು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಒಡೆದ ಹಂಚು ಬದಲಾಯಿಸುವುದು, ಮೂಲೆಯ ತಗ್ಗು ಸರಿ ಮಾಡುವುದು, ಇದೇ ಮಾಡಿನ ಚಿಂತೆಯಾಯಿತು. ‘ಮಾಡಿನಲ್ಲಿ ತೂತು’ ಅಂತ ಹೇಳಿದರೆ ಇವತ್ತಿಗೂ ನಮ್ಮ ಮನಸ್ಸಿಗೆ ಬರುವುದು ನೀರು.

ಕಾನೂನು ಈ ಬದಲಾವಣೆಯನ್ನು ಹಳ್ಳಿಯಲ್ಲಿ ಗಮನಿಸಲಿಲ್ಲ. 1920ರ ಮದ್ರಾಸ್ ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆ ಪಟ್ಟಣಗಳಲ್ಲಿ ಹುಲ್ಲು, ಎಲೆ, ಚಾಪೆಯಂಥ ಸುಡುವ ವಸ್ತುಗಳ ಹೊರಮಾಡಿಗೆ ಅನುಮತಿ ಬೇಕು ಎಂದಿತು. ಕಾಸರಗೋಡು ಪಟ್ಟಣ ಮುನಿಸಿಪಾಲಿಟಿ ಆದದ್ದು ಕೇರಳಕ್ಕೆ ಸೇರಿದ ನಂತರ. ಹಾಗಾಗಿ ನಮ್ಮಲ್ಲಿ ಹುಲ್ಲನ್ನು ಓಡಿಸಿದ್ದು ಕಾನೂನಲ್ಲ, ಹಂಚಿನ ಬೆಲೆ ಮತ್ತು ಮರ್ಯಾದೆ. ಬೆಂಕಿಗಾಗಿ ಬದಲಾಯಿಸಿದ್ದಲ್ಲವಾದ್ದರಿಂದ, ಬೆಂಕಿಯ ಬಗ್ಗೆ ಹೊಸ ಪಾಠವನ್ನು ಯಾರೂ ಕಲಿಸಲೂ ಇಲ್ಲ.

3. ಮೊದಲ ಪೈಪು: ಹೊಗೆಯಿಲ್ಲದ ಒಲೆ

ಹೊಗೆಗೆ ಕೊಳವೆ ಬೇಕು ಎಂಬ ವಿಚಾರ ನಮ್ಮ ಅಡಿಗೆಮನೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1980ರ ದಶಕದಲ್ಲಿ. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ‘ಅಸ್ತ್ರ ಒಲೆ’. ಈ ಕೇಂದ್ರವನ್ನು 1974ರಲ್ಲಿ ಕಟ್ಟಿದವರು ಎ.ಕೆ.ಎನ್. ರೆಡ್ಡಿ. ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ಪ್ರಚಾರ ಮಾಡಿದ ‘ಪರಿಷತ್ ಅಡುಪ್ಪ್’. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಆ ದಶಕದ್ದೇ. ಗಡಿಯ ಊರಾದ ನಮಗೆ ಎರಡೂ ಕಡೆಯ ಒಲೆಗಳ ಮಾತು ಕೇಳಿಸಿತು. ಉದ್ದೇಶ ಒಳ್ಳೆಯದು: ಸೌದೆ ಉಳಿಯಬೇಕು, ಹೊಗೆ ಹೆಂಗಸರ ಮುಖಕ್ಕೆ ಬಾರದೆ ಮೇಲೆ ಹೋಗಬೇಕು.

ಈ ಒಲೆಗಳಿಗೆ ಹಿಂದಿನಿಂದ ಒಂದು ಕೊಳವೆ, ಹೆಚ್ಚಾಗಿ ಕಲ್ನಾರು ಸಿಮೆಂಟಿನ ಪೈಪು. ಅದು ಅಟ್ಟವನ್ನೋ ಹಲಗೆಯನ್ನೋ ದಾಟಿ, ಹಂಚು ತೆಗೆದ ಜಾಗದಲ್ಲಿ ಹೊರಗೆ ಹೋಗುತ್ತದೆ. ಇಲ್ಲಿ ಚರಿತ್ರೆಯ ಒಂದು ತಿರುವು ಉಂಟು. ಅಟ್ಟದ ಸಂದಿನಲ್ಲಿ ಹರಡಿ, ತಣಿದು ಹೋಗುತ್ತಿದ್ದ ಹೊಗೆ ಈಗ ಒಂದೇ ಕೊಳವೆಯಲ್ಲಿ ಬಿಸಿಬಿಸಿಯಾಗಿ ಹೋಗುತ್ತದೆ. ಕೊಳವೆಯ ಹೊರಮೈಗೆ ಕೈ ಇಡಲಿಕ್ಕೆ ಆಗುವುದಿಲ್ಲ. ಒಳಮೈಯಲ್ಲಿ ಇಲ್ಲಣ, ಅಂದರೆ ಮಸಿ ಕಟ್ಟುತ್ತದೆ. ಹಸಿ ಸೌದೆ ಉರಿಸಿದರೆ ಮಸಿ ಅಂಟಂಟಾಗಿ ದಪ್ಪವಾಗುತ್ತದೆ, ಮತ್ತೆ ಅದಕ್ಕೇ ಬೆಂಕಿ ಹಿಡಿಯಬಹುದು. ಕಲ್ನಾರಿನ ಪೈಪು ಒಮ್ಮೆಲೇ ಕಾದರೆ ಬಿರುಕು ಬಿಡುತ್ತದೆ. ಪಕ್ಕದ ಹಲಗೆ ಒಂದೇ ದಿನದಲ್ಲಿ ಹೊತ್ತಿಕೊಳ್ಳದಿದ್ದರೂ ವರ್ಷಗಟ್ಟಲೆ ಕಾದು ಕಾದು ಕರಿಯಾಗುತ್ತಾ, ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತುವ ಸ್ಥಿತಿಗೆ ಬರುತ್ತದೆ. ಅಮೆರಿಕದ ಎನ್‌ಎಫ್‌ಪಿಎ 211 ಮಾನದಂಡ ಸೌದೆ ಒಲೆಯ ಒಂಟಿ ಪದರದ ಲೋಹದ ಕೊಳವೆಗೂ ಸುಡುವ ವಸ್ತುವಿಗೂ 18 ಇಂಚು ಅಂತರ ಕೇಳುವುದು ಇದಕ್ಕೇ.

ನಮ್ಮಲ್ಲಿ ಆ ತೂತಿನ ಸುತ್ತ ಏನು ತುಂಬಿಸಿದರು? ಟಾರು, ಟಾರ್ ಶೀಟು, ಪ್ಲಾಸ್ಟಿಕ್ ಹಾಳೆ, ಬಟ್ಟೆ ಸುತ್ತಿ ಸಿಮೆಂಟು. ಸಿಮೆಂಟು ಬಿಟ್ಟರೆ ಉಳಿದದ್ದೆಲ್ಲ ಸುಡುವಂಥದ್ದು. ಮನೆಯವರ ತಪ್ಪು ಅಂತ ನಾನು ಹೇಳುವುದಿಲ್ಲ. ಜೂನ್ ತಿಂಗಳಲ್ಲಿ ಒಲೆಯ ಮೇಲೆ ನೀರು ಬಿದ್ದರೆ ಅಡಿಗೆಯೇ ನಿಲ್ಲುತ್ತದೆ, ಅದು ಕಣ್ಣೆದುರಿನ ಕಷ್ಟ. ಬೆಂಕಿ ಯಾವಾಗಲೋ ಬರುವ ಕಷ್ಟ. ಹಂಚು ಕಲಿಸಿದ ಪಾಠವನ್ನೇ ಪೈಪಿಗೂ ಅನ್ವಯಿಸಿದರು, ಅಷ್ಟೆ.

4. ಮುಚ್ಚಿಗೆಯ ಮರುಹುಟ್ಟು

1970ರ ದಶಕದಿಂದ ಗಲ್ಫಿನ ದುಡಿಮೆ ನಮ್ಮ ಜಿಲ್ಲೆಯ ಮನೆಗಳ ರೂಪವನ್ನೇ ಬದಲಿಸಿತು. ಕಾಂಕ್ರೀಟು ತಾರಸಿ ಬಂತು. ಆಮೇಲೆ ತಾರಸಿಯೂ ಸೋರುತ್ತದೆ ಅಂತ ಅದರ ಮೇಲೆ ಕಬ್ಬಿಣದ ಟ್ರಸ್ ಹಾಕಿ ಶೀಟು ಹೊದೆಸಿದರು. ನೋಡಿ, ಮತ್ತೆ ನೀರಿನ ಭಯವೇ. ಈ ಶೀಟಿಗೂ ತಾರಸಿಗೂ ನಡುವಿನ ಜಾಗ ಹೊಸ ಅಟ್ಟವಾಯಿತು. ಅಲ್ಲಿ ಅಡಿಕೆ, ತೆಂಗಿನಕಾಯಿ, ಸಿಪ್ಪೆ, ಗರಟೆ, ಮಳೆಗಾಲದ ಸೌದೆ, ಹಳೆಯ ಹಾಸಿಗೆ. ಇನ್ನೊಂದು ಕಡೆ ಹಳೆಯ ಹಂಚಿನ ಮನೆಗಳನ್ನು ಉಳಿಸಿಕೊಂಡವರು ಸೆಕೆಗೆ, ಎಸಿಗೆ, ಚಂದಕ್ಕೆ ಅಂತ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದರು. ಜಿಪ್ಸಂ ಬೋರ್ಡು, ಪಿವಿಸಿ ಹಲಗೆ, ಪ್ಲೈವುಡ್, ಕೆಲವು ಕಡೆ ಥರ್ಮಾಕೋಲ್. ಮುಚ್ಚಿಗೆ ಹೀಗೆ ಮರುಹುಟ್ಟು ಪಡೆಯಿತು.

ಆದರೆ ಹೊಸ ಮುಚ್ಚಿಗೆಯ ಮುಖ ತಿರುಗಿದೆ. ಹಳೆಯದು ಮೇಲಿನ ಬೆಂಕಿಯಿಂದ ಕೆಳಗಿನ ಕೋಣೆಯನ್ನು ಕಾಯುತ್ತಿತ್ತು. ಈಗ ಬೆಂಕಿ ಕೆಳಗಿನ ಅಡಿಗೆಮನೆಯಲ್ಲಿ, ಸುಡುವ ಸಾಮಾನು ಮೇಲೆ. ಹಂಚಿನ ಮನೆಯಲ್ಲಾದರೆ ಒಣಗಿದ ಪಕ್ಕಾಸು, ರೀಪು, ಇಲಿ ತಂದ ಕಸ, ವಿದ್ಯುತ್ ತಂತಿ. ಟ್ರಸ್ಸಿನ ಮನೆಯಲ್ಲಾದರೆ ಗರಟೆ, ಸಿಪ್ಪೆ. ನಡುವೆ ಒಂದು ತೆಳು ಪದರ, ಆ ಪದರದಲ್ಲಿ ತಿಂಡಿ ತಟ್ಟೆಯಷ್ಟು ದೊಡ್ಡ ತೂತು, ಆ ತೂತಿನಲ್ಲಿ ಡಕ್ಟ್ ಪೈಪು.

ಚಿಮಣಿಯ ಡಕ್ಟ್‌ನಲ್ಲಿ ಹೋಗುವುದು ಗಾಳಿ ಮಾತ್ರ ಅಂತ ನಾವು ತಿಳಿದಿರುತ್ತೇವೆ. ಒಗ್ಗರಣೆಯ, ಕರಿಯುವ ಎಣ್ಣೆಯ ಹಬೆಯೂ ಹೋಗುತ್ತದೆ, ತಣಿದಲ್ಲಿ ಜಿಡ್ಡಾಗಿ ಕೂರುತ್ತದೆ. ಅಡಿಗೆ ಎಣ್ಣೆ ಸುಮಾರು 350 ಡಿಗ್ರಿ ದಾಟಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲುದು. ಬಾಣಲೆಯಲ್ಲಿ ಎದ್ದ ಜ್ವಾಲೆಯನ್ನು ಫ್ಯಾನು ತಾನೇ ಮೇಲೆ ಎಳೆದುಕೊಂಡರೆ ಜಿಡ್ಡು ಹಿಡಿದ ಪೈಪು ಬತ್ತಿಯಾಗುತ್ತದೆ. ಆ ಪೈಪು ಪಿವಿಸಿಯದ್ದಾದರೆ ಅದು 80 ಡಿಗ್ರಿಯ ಹತ್ತಿರವೇ ಮೆತ್ತಗಾಗುತ್ತದೆ. ತೆಳು ಅಲ್ಯೂಮಿನಿಯಂ ಹಾಳೆಯ ಸುರುಳಿ ಪೈಪಾದರೆ 660 ಡಿಗ್ರಿಗೆ ಕರಗುತ್ತದೆ, ಅದರ ಮಡಿಕೆಗಳಲ್ಲಿ ಜಿಡ್ಡು ಹೆಚ್ಚು ನಿಲ್ಲುತ್ತದೆ. ಪೈಪು ಹೊರಗಿನವರೆಗೆ ಹೋಗದೆ ಸೀಲಿಂಗಿನ ಮೇಲೆಯೇ ಬಾಯಿ ಬಿಟ್ಟು ನಿಂತರಂತೂ ಜಿಡ್ಡೆಲ್ಲ ಒಣಮರದ ಮೇಲೆ. ಹಂಚಿನ ಸಂದಿನಲ್ಲಿ ಹೊಗೆ ಹೇಗೂ ಹೋಗುತ್ತದೆ ಎಂಬ ಹಳೆಯ ನಂಬಿಕೆ ಇಲ್ಲಿ ಅಪಾಯ. ಒಲೆಯ ಹೊಗೆ ಮರವನ್ನು ಹುಳದಿಂದ ಕಾಯುತ್ತಿತ್ತು, ಎಣ್ಣೆಯ ಹಬೆ ಅದೇ ಮರಕ್ಕೆ ಎಣ್ಣೆ ಹಚ್ಚುತ್ತದೆ.

ತೂತು ಅಷ್ಟು ಮುಖ್ಯವಾ ಅಂತ ಕೇಳಿದರೆ ಜಿಪ್ಸಂ ಬೋರ್ಡನ್ನೇ ನೋಡುವ. ಜಿಪ್ಸಂನ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನೀರೇ. ಬೆಂಕಿ ತಾಗಿದಾಗ ಆ ನೀರು ಆವಿಯಾಗುವ ತನಕ ಹಿಂಬದಿ ಹೆಚ್ಚು ಬಿಸಿಯಾಗುವುದಿಲ್ಲ. ಒಂದು ರೀತಿಯಲ್ಲಿ ಇದು ಹಳೆಯ ಮಣ್ಣಿನ ಪದರದ ತಮ್ಮ. ಆದರೆ ಬೋರ್ಡು ಎಷ್ಟೇ ಒಳ್ಳೆಯದಿರಲಿ, ಪೈಪಿನ ಸುತ್ತ ಎರಡು ಬೆರಳು ಸಂದು ಬಿಟ್ಟರೆ ಬೆಂಕಿಗೆ ಬೋರ್ಡನ್ನು ಗೆಲ್ಲುವ ಅಗತ್ಯವೇ ಇಲ್ಲ. ಬಿಸಿಗಾಳಿ ಮೇಲೆ ಹೋಗುವ ದಾರಿ ಹುಡುಕುತ್ತದೆ, ನಾವೇ ತೋರಿಸಿಕೊಟ್ಟಿರುತ್ತೇವೆ.

5. ಹೊರಗಿನ ಮೂರು ಸಾಕ್ಷ್ಯ

ದೊಡ್ಡ ಕಟ್ಟಡಗಳ ಇತಿಹಾಸ ಈ ಮಾತನ್ನು ದುಬಾರಿ ಬೆಲೆ ಕೊಟ್ಟು ಕಲಿತಿದೆ. 1996ರ ಏಪ್ರಿಲ್ 11ರಂದು ಜರ್ಮನಿಯ ಡುಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ವೆಲ್ಡಿಂಗಿನ ಕಿಡಿ ಕೆಳಗಿನ ಸೀಲಿಂಗಿನ ಟೊಳ್ಳಿಗೆ ಬಿತ್ತು. ಅಲ್ಲಿದ್ದ ಪಾಲಿಸ್ಟೈರೀನ್, ನಾವು ಥರ್ಮಾಕೋಲ್ ಅನ್ನುವ ವಸ್ತುವಿನ ಜಾತಿ, ಯಾರ ಕಣ್ಣಿಗೂ ಬೀಳದೆ ಉರಿಯಿತು. 17 ಜನ ಸತ್ತರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರಿನ ಬೆಂಕಿಯ ಹೊಗೆ ಮೆಟ್ಟಿಲ ದಾರಿಯಿಂದಲೂ ಎಸಿ ಡಕ್ಟ್‌ಗಳಿಂದಲೂ ಮೇಲೆ ಏರಿತು. 59 ಜನ ಸತ್ತರು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಶಾಫ್ಟ್‌ನ ಬೆಂಕಿಯ ಹೊಗೆ ಮಹಡಿಗಳಿಗೆ ತುಂಬಿತು. 9 ಜನ ಸತ್ತರು. ಒಂದು ಕಡೆ ಸೀಲಿಂಗಿನ ಟೊಳ್ಳು, ಇನ್ನೊಂದು ಕಡೆ ಗಾಳಿಯ ಡಕ್ಟ್, ಮತ್ತೊಂದು ಕಡೆ ಮಹಡಿಗಳನ್ನು ದಾಟುವ ಗೂಡು. ನಮ್ಮ ಮನೆಯ ಮುಚ್ಚಿಗೆಯಲ್ಲಿ ಈ ಮೂರೂ ಒಟ್ಟಿಗೆ ಸಣ್ಣ ಪ್ರಮಾಣದಲ್ಲಿ ಉಂಟು.

ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂತು, 2016ರ ಆವೃತ್ತಿಯ ನಾಲ್ಕನೇ ಭಾಗ ಬೆಂಕಿಯ ಬಗ್ಗೆಯೇ. ಬೆಂಕಿ ತಡೆಯುವ ಗೋಡೆ, ಮಹಡಿಗಳನ್ನು ಡಕ್ಟ್ ದಾಟುವಲ್ಲಿ ಡ್ಯಾಂಪರ್ ಇರಬೇಕು, ಸಂದು ಮುಚ್ಚಬೇಕು ಅಂತ ಅದು ಹೇಳುತ್ತದೆ. ಆದರೆ ಸಾಮಾನ್ಯ ಸ್ವಂತ ಮನೆಗೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯ ಪ್ರಸಂಗ ಬರುವುದಿಲ್ಲ, ಒಳಗಿನ ದುರಸ್ತಿಯನ್ನು ಪಂಚಾಯತಿನಿಂದ ಬಂದು ಯಾರೂ ನೋಡುವುದೂ ಇಲ್ಲ. ದೇಲಂಪಾಡಿಯ, ಎಣ್ಮಕಜೆಯ ಒಳಭಾಗದ ಮನೆಗೆ ಅಗ್ನಿಶಾಮಕ ವಾಹನ ಏರಿ ಬರುವಷ್ಟರಲ್ಲಿ ಹಳೆಯ ಮಾಡು ಇರುತ್ತದಾ ಅಂತ ಯೋಚಿಸಿ.

6. ಹಳೆಯ ವ್ಯಾಕರಣ, ಹೊಸ ಪೈಪು

ಇತಿಹಾಸದ ವಿದ್ಯಾರ್ಥಿ ಉಪಾಯ ಹೇಳಬಾರದು ಅಂತ ಏನಿಲ್ಲ. ಮುಚ್ಚುವ ಮುಚ್ಚಿಗೆ, ಬಿಡುವ ಅಟ್ಟ ಎಂಬ ಹಳೆಯ ವಿಂಗಡಣೆಯಿಂದಲೇ ಹೊರಟರೆ ಇವತ್ತಿನ ತಜ್ಞರು ಹೇಳುವ ಕ್ರಮಗಳು ಹೊಸದಾಗಿ ಅರ್ಥವಾಗುತ್ತವೆ.

ಮೊದಲನೆಯದಾಗಿ, ಆದಷ್ಟು ಮುಚ್ಚಿಗೆಯನ್ನು ತೂತು ಮಾಡಲೇಬಾರದು. ಅಡಿಗೆಮನೆಯ ಹೊರಗೋಡೆಯಲ್ಲಿ, ಮುರಕಲ್ಲಿನಲ್ಲೇ ದಾರಿ ಮಾಡಿ ಪೈಪನ್ನು ನೇರ ಹೊರಗೆ ಬಿಡುವುದು ಒಳ್ಳೆಯದು. ಉದ್ದ ಕಡಿಮೆ, ತಿರುವು ಕಡಿಮೆ, ಜಿಡ್ಡೂ ಕಡಿಮೆ. ಮೇಲಿನಿಂದಲೇ ಹೋಗಬೇಕಾದರೆ ಪೈಪು ಗಟ್ಟಿ ಲೋಹದ್ದಾಗಿರಬೇಕು, ಜಿಐ ಅಥವಾ ಸ್ಟೀಲು. ಮಾಡನ್ನು ದಾಟಿ ಹೊರಗೆ ತೆರೆಯಬೇಕು, ಟೊಳ್ಳಿನಲ್ಲಿ ನಿಲ್ಲಬಾರದು. ಬಚ್ಚಲಿನ ಎಕ್ಸಾಸ್ಟಿನ ಪೈಪನ್ನು ಇದಕ್ಕೆ ಸೇರಿಸಬಾರದು. ಸೌದೆ ಒಲೆಯ ಹೊಗೆಕೊಳವೆ ಬೇರೆಯೇ ಜಾತಿ, ಅದಕ್ಕೆ ವಿದ್ಯುತ್ ಚಿಮಣಿಯ ಡಕ್ಟ್ ಯಾವ ಕಾಲಕ್ಕೂ ಬದಲಿ ಅಲ್ಲ.

ಎರಡನೆಯದು ತೂತಿನ ಚಾಕರಿ. ಹಲಗೆಯಾಗಲಿ ಬೋರ್ಡಾಗಲಿ, ಪೈಪಿಗೆ ನೇರ ತಾಗಬಾರದು. ಮರವನ್ನು ಹಿಂದಕ್ಕೆ ಕತ್ತರಿಸಿ, ಲೋಹದ ತೋಳು ಹಾಕಿ, ಸಂದಿಗೆ ರಾಕ್‌ವುಲ್‌ನಂಥ ಸುಡದ ವಸ್ತು ತುಂಬಿಸಬೇಕು. ಡಬ್ಬಿಯಿಂದ ಚಿಮ್ಮಿಸುವ ಸಾಮಾನ್ಯ ಫೋಮ್ ಸಂದನ್ನು ಚೆನ್ನಾಗಿ ತುಂಬುತ್ತದೆ, ನೀರನ್ನೂ ತಡೆಯುತ್ತದೆ, ಬೆಂಕಿಗೆ ಮಾತ್ರ ಅದು ಮೇವು. ಬಚ್ಚಲಿನ ಪ್ಲಾಸ್ಟಿಕ್ ಪೈಪು ಬೆಂಕಿ ತಡೆಯಬೇಕಾದ ಪದರವನ್ನು ದಾಟುವುದಾದರೆ, ಬಿಸಿಗೆ ಉಬ್ಬಿ ಪೈಪನ್ನೇ ಹಿಚುಕಿ ಮುಚ್ಚುವ ಕಾಲರುಗಳು ಸಿಗುತ್ತವೆ. ಏಣಿಯ ತೂತಿಗೆ ಇದ್ದ ಹಲಗೆಯ ಬಾಗಿಲನ್ನು ನೆನೆದರೆ ಇದು ಅರ್ಥವಾಗುತ್ತದೆ: ಮುಚ್ಚಿಗೆಯ ತೂತಿಗೆ ಬಾಗಿಲು ಬೇಕು.

ಮೂರನೆಯದು ಶುದ್ಧಿ. ಇಲ್ಲಣ ತೆಗೆಯುವುದು ಹಳೆಯ ಮನೆಯಲ್ಲಿ ಹಬ್ಬದ ಮೊದಲಿನ ಕೆಲಸ. ಡಕ್ಟ್ ಸೀಲಿಂಗಿನ ಮೇಲೆ ಅಡಗಿರುವುದರಿಂದ ಅದರ ಶುದ್ಧಿ ಯಾರ ಪಂಚಾಂಗದಲ್ಲೂ ಇಲ್ಲ. ಫಿಲ್ಟರನ್ನು ಆಗಾಗ ತೊಳೆಯಬೇಕು, ಪೈಪನ್ನು ಬಿಚ್ಚಿ ನೋಡಲಿಕ್ಕೆ ಒಂದು ಬಾಗಿಲು ಇಟ್ಟಿರಬೇಕು, ಆ ಬಾಗಿಲಿನಿಂದ ಮೇಲಿನ ತಂತಿಗಳನ್ನೂ ನೋಡಬಹುದು.

7. ಆಕರದ ಮಾತು ಮತ್ತು ಚರ್ಚೆ

ಮುಗಿಸುವ ಮೊದಲು ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಮಾತು. 1801ರಲ್ಲಿ ಈ ದಾರಿಯಾಗಿ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರ ದಾಟಿ ಹೋದ ಬುಕಾನನ್‌ನ ಮುಖ್ಯ ಆಸಕ್ತಿ ಬೆಳೆ, ಭೂಮಿ, ತೆರಿಗೆ. 2011ರ ಜನಗಣತಿಯ ಮನೆಪಟ್ಟಿ ಗೋಡೆ ಯಾವುದರದ್ದು, ನೆಲ ಯಾವುದರದ್ದು, ಮಾಡು ಯಾವುದರದ್ದು ಅಂತ ಕೇಳಿತು. ಮುಚ್ಚಿಗೆಯ ಬಗ್ಗೆ ಪ್ರಶ್ನೆಯೇ ಇಲ್ಲ. ಹುಲ್ಲಿನಿಂದ ಹಂಚಿಗೆ, ಹಂಚಿನಿಂದ ಕಾಂಕ್ರೀಟಿಗೆ ಎಂಬ ಪ್ರಗತಿಯ ಕಥೆಯನ್ನು ಈ ಅಂಕಿಗಳಿಂದ ಸುಲಭವಾಗಿ ಬರೆಯಬಹುದು. ಬೆಂಕಿ ಮತ್ತು ಮನುಷ್ಯನ ನಡುವೆ ನಿಂತಿದ್ದ ಪದರ ಮಾತ್ರ ಆ ಕಥೆಯಲ್ಲಿ ಕಾಣುವುದಿಲ್ಲ. ದುರಸ್ತಿಯಲ್ಲಿ ಮಣ್ಣಿನ ಮುಚ್ಚಿಗೆ ಒಂದೊಂದಾಗಿ ಇಳಿಯುತ್ತಿರುವಾಗ ಅದರ ಅಳತೆ, ಪದರ, ತೂತುಗಳನ್ನು ಬರೆದಿಡುವುದು ನಮ್ಮಂಥ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ.

ಚರ್ಚೆಯಲ್ಲಿ ಒಬ್ಬ ಮೇಡಂ ಕೇಳಿದರು: ‘ಮುಚ್ಚಿಗೆಯನ್ನು ಬೆಂಕಿಗಾಗಿಯೇ ಮಾಡಿದ್ದು ಅಂತ ಹೇಳುವುದು ಇವತ್ತಿನ ಚಿಂತೆಯನ್ನು ಹಿಂದಕ್ಕೆ ಹೊರಿಸಿದ ಹಾಗಾಗುವುದಿಲ್ಲವೇ?’ ನನ್ನ ಉತ್ತರ: ಬೆಂಕಿಗಾಗಿ ಮಾತ್ರ ಅಂತ ನಾನು ಹೇಳುವುದಿಲ್ಲ ಮೇಡಂ. ಆದರೆ ಮಾಡು ಹುಲ್ಲಿನದ್ದಾಗಿದ್ದಾಗ ಮಣ್ಣು ಇತ್ತು, ಹಂಚಾದ ಮೇಲೆ ಮಣ್ಣು ಕಡಿಮೆಯಾಯಿತು. ಸೆಕೆ, ಇಲಿ ಎರಡೂ ಹಂಚಿನ ಕೆಳಗೂ ಇದ್ದವು. ಬದಲಾದದ್ದು ಬೆಂಕಿಯ ಸಾಧ್ಯತೆ.

ಇನ್ನೊಬ್ಬ ಗೆಳೆಯ ಕೇಳಿದ: ‘ಹಾಗಾದರೆ ಚಿಮಣಿ ಹಾಕಿಸುವುದೇ ಬೇಡವಾ? ಮತ್ತೆ ಹೊಗೆಯಲ್ಲಿ ಅಡಿಗೆ ಮಾಡಬೇಕಾ?’ ಬೇಡ ಮಾರಾಯ. ಹೊಗೆ ಹೊರಗೆ ಹೋಗಲೇಬೇಕು, ಅದಕ್ಕೆ ನಮ್ಮ ಹೆಂಗಸರು ನೂರಾರು ವರ್ಷ ಕಾದಿದ್ದಾರೆ. ಡಕ್ಟ್ ಹಾಕುವ ಹುಡುಗ ಡ್ರಿಲ್ ಹಿಡಿದು ಏಣಿ ಹತ್ತಿದಾಗ ಮನೆಯವರು ಈಗ ಕೇಳುವುದು ‘ಇಲ್ಲಿ ಸೋರುವುದಿಲ್ಲ ಅಲ್ವಾ?’ ಅಂತ. ಅದರ ಜೊತೆಗೆ ‘ಇಲ್ಲಿಂದ ಬೆಂಕಿ ಮೇಲೆ ಹೋಗುವುದಿಲ್ಲ ಅಲ್ವಾ?’ ಅಂತಲೂ ಕೇಳಲಿ. ಆ ಎರಡನೇ ಪ್ರಶ್ನೆ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.